ಎಡಮಗ್ಗಲ

ಜತ್ತದ ಸಂತಿ ಮುರಿಯೋ ಹೊತ್ತಿಗೆ
ಉಮದಿಯ ಅಮೋಘಸಿದ್ಧ ಬಂದ,
ಟಗರು ಮಾರಿದ ರೊಕ್ಕ ಒಳಕಿಸೇದಾಗ ಇಟ್ಟುಕೊಂಡು.
ಕಟ್ಟಿ ಮ್ಯಾಲ ಚಾಕು ಇಟ್ಟ, ಮಡಚಿದ್ದು.
“ಎಡಮಗ್ಗಲ ಹಿಡಿ ಸೀಳ್ಯದ, ಕುರಿ ತುಳೀತು.
ಅದೊಂದ ಬದಲ್ಸಾಕ ಹೇಳು ನಿಮ್ಮ ಅಣ್ಣಗ.
ಬಲಮಗ್ಗಲಕ ಕೈ ಹಚ್ಚಬ್ಯಾಡ್ರಿ,
ನನ್ನ ಹೆಬ್ಬಟ್ಟಿಗಿ ರೂಢಿ ಆಗ್ಯದ.”

ಮುಂದಿನ ಸಂತಿಗೆ ಬಾ ಅಂದೆ.

ಅಲಗಿನ ಬುಡಕ್ಕ ಅಣ್ಣ ದಸ್ತಗೀರನ ಹೆಸರು,
ಮರಾಠಿ ಅಕ್ಷರದಾಗ, ಅರ್ಧ ಸವದದ್ದು.
ಹಿಡಿ ಮ್ಯಾಲ ಯಾರ ಹೆಸರೂ ಇಲ್ಲ.
ಹಿಡಿ ನಂದು.

ಅಜ್ಜನ ಕಾಲಕ್ಕ ಕಡವಿನ ಕೊಂಬು ಬರತಿತ್ತಂತ.
ಸರಕಾರ ಬ್ಯಾಡ ಅಂತು.
ಅಜ್ಜ ಎಮ್ಮಿ ಕಾಲಿನ ನಳಿಗಿ ತಂದ,
ಸೋಡಾ ಹಾಕಿ ಕುದಿಸಿ ಜಿಡ್ಡು ತಗದ,
ಉಳಿ ಹಿಡದು ಎಲುಬಿಗೆ ಸುಳ್ಳು ಕಲಿಸಿದ:
ನೀ ಕಾಡಿನಾಗ ಹುಟ್ಟೀದಿ,
ಗಿಡಕ್ಕ ತಲಿ ತಿಕ್ಕೀದಿ.
ಪಾಪ, ಎಮ್ಮಿ ಕೆರಿ ಬಿಟ್ಟು
ಎಲ್ಲಿಗೂ ಹೋಗಿದ್ದಿಲ್ಲ.

ಜ್ವಾಳದ ತೆನಿ ಅಂದ್ರ ಸಣ್ಣ ಕುಣಿ, ಸಾಲು ಸಾಲು.
ಹುಳಾ ತಿಂದದ್ದು ಅಂದ್ರ ಉದ್ದಕ ಡೊಂಕು ಗೀರು.
ಬೇವಿನ ತೊಗಟಿ ಮಾಡೂದು ನಾನೊಬ್ಬಾಕಿ,
ಅದಕ್ಕ ಲೆಕ್ಕಿಲ್ಲ, ಕೈ ನಡದಾಂಗ.
ಆಮ್ಯಾಲ ದಾಳಿಂಬ್ರಿ ಸಿಪ್ಪಿ ನೀರು, ಕುದ್ದು ಚೆಲ್ಲೋ ಚಹಾಪುಡಿ.
ತಗ್ಗಿನಾಗ ಬಣ್ಣ ಕೂಡ್ತದ, ದಿಬ್ಬ ಬೆಳ್ಳಗ ಉಳೀತದ.
ಒದ್ದಿ ಕೈ ಜಾರಬಾರದು, ಅಷ್ಟಕ್ಕ ಇದೆಲ್ಲಾ.
ಸೆರಗು ಮೂಗಿಗೆ ಕಟ್ಟಿಕೊಂಡ್ರೂ
ಸುಟ್ಟ ಕೂದಲ ವಾಸನಿ ರೊಟ್ಟಿಯೊಳಗ ಬರ್ತದ.

ರಾತ್ರಿ ಬಲಮಗ್ಗಲ ಬಲ್ಬಿನ ಬೆಳಕಿಗೆ ಹಿಡದೆ.
ಯಾವಾಗಿಂದು ಅಂತ ಕೈಗೇ ಗೊತ್ತಾತು.
ಮದಿವಿ ಮುರಕೊಂಡು ಬಂದ ವರ್ಷ.
ಹತ್ತೊಂಬತ್ತು ನಡದಿತ್ತು,
ಯಾರ ಕೂಡನೂ ಮಾತಿಲ್ಲ,
ದಿನಕ್ಕ ನಾಕು ಡಜನ್ ಹೋಳು.
ಎಷ್ಟು ಆಳ ನೋಡು ಒಂದೊಂದು ಗೀರು,
ಇನ್ನೊಂದು ಕೂದಲೆಳಿಯಷ್ಟು ಇಳದಿದ್ರ
ಎಲುಬು ತೂತು ಬೀಳತಿತ್ತು.
ಬಿದ್ದಿಲ್ಲ.
ಅದರ ಮ್ಯಾಲ ಇಪ್ಪತ್ತೆರಡು ವರ್ಷ ಇವನ ಹೆಬ್ಬಟ್ಟು,
ಉಣ್ಣಿ ಕತ್ತರಿಸಿ, ಗೊರಸು ಕೆತ್ತಿ, ಉಳ್ಳಾಗಡ್ಡಿ ಹೆಚ್ಚಿ;
ನಡುವ ಹುಣಸಿ ಬೀಜದಷ್ಟು ಜಾಗಾ ನುಣ್ಣಗ,
ಅಲ್ಲಿ ನಾನೂ ಇಲ್ಲ, ಕಡವೂ ಇಲ್ಲ.

ಎಡಮಗ್ಗಲಕ ಜೋಡಿ ಕೊರೀಬೇಕು.
ಕೊಂಬಿನ ನಕಲು ನಿದ್ದಿಗಣ್ಣಾಗ ಮಾಡೇನು,
ನನ್ನ ನಕಲು ನನಗ ಆಗವಲ್ದು.
ಮೊದಲನೇ ಹೋಳು ಹೆದರಿದ್ಹಾಂಗ ಕಾಣ್ತು.
ಎರಡನೇದು ಸಿಟ್ಟಿನ ಸೋಗು, ಅದನ್ನ ಒಲಿಗೆ ಒಗದೆ.
ಮೂರನೇದಕ್ಕ ಬಲಮಗ್ಗಲ ನೋಡೂದ ಬಿಟ್ಟೆ.
ಬಾಜೂಕ ಅಣ್ಣನ ಮಗಳು ಶಮೀಮ
ಪರೀಕ್ಷಾಕ ನದಿಗಳ ಹೆಸರು ಒದರತಿದ್ದಳು,
ಭೀಮಾ, ಮಾನ, ಬೋರಿ, ಮತ್ತ ಭೀಮಾ,
ಕೇಳಕೋತ ಉಳಿ ನಡಸಿದೆ.
ಗೀರು ಮ್ಯಾಲಮ್ಯಾಲ ಬಂದವು,
ಒಂದೆರಡು ಅಂಚಿಗೆ ಹೋಗೂದ್ರೊಳಗ
ಮನಸ್ಸು ತಿರುಗಿಸಿದವು.

ಬಣ್ಣ ಕುಡಿಸಿ, ಒಣಗಿಸಿ,
ಹಿತ್ತಾಳಿ ಮೊಳಿ ಬಡದು ತಲಿ ಸವರಿದೆ.
ಮಡಚಿದ್ರ ಟಕ್ ಅಂತು ಕಮಾನು.

ಸಂತಿ ದಿನ ಅಮೋಘಸಿದ್ಧ ಕಣ್ಣು ಮುಚ್ಚಿ
ಎರಡೂ ಮಗ್ಗಲ ಬೆರಳಾಡಿಸಿದ.
ಕುರಿ ಬೆನ್ನ ಮ್ಯಾಲ ಉಣ್ಣಿ ಆರಿಸೋ ಬೆರಳು.
“ಇದು ಬ್ಯಾರೆ ಕೈ.”
“ಹೌದು.”
“ಮೊದಲ ಕೊರದಾಂವ ಈಗ ಇಲ್ಲೇನು?”
ಸಾಣಿ ಮುಂದ ಕುಂತ ದಸ್ತಗೀರ
ಗಾಲಿ ನಿಲ್ಲಿಸಿ, ಮತ್ತ ತಿರುವಿದ.
“ಇಲ್ಲ ಬಿಡು” ಅಂದೆ.
“ಜಬರ್ ಕೈ ಇತ್ತು” ಅಂದ,
ಅಂದು, ಇಪ್ಪತ್ತು ರೂಪಾಯಿ ಕಡಿಮಿ ಎಣಿಸಿ ಇಟ್ಟ.

ಅಂಗೈ ಚಾಚಿಕೊಂಡೇ ನಿಂತೆ,
ಆ ಇಪ್ಪತ್ತೂ ಬರೂತನಕ.