ಇಷ್ಟು ಸಂದು ಇರಲಿ

ಒಂಬತ್ತು ಮಕ್ಕಳು ತುಂಬಿದ್ದಾಗ ಕೇಳುವುದಿಲ್ಲ.
ವಿನೋಬನಗರದಲ್ಲಿ ಇಬ್ಬರು, ನಿಟ್ಟುವಳ್ಳಿಯಲ್ಲಿ ಮೂವರು,
ನೀರಿನ ಟ್ಯಾಂಕಿನ ಹತ್ತಿರ ಅವಳಿಜವಳಿ ಇಳಿದು
ಚಿರಾಗನೂ ಬೂಟಿನ ದಾರ ಎಳೆದುಕೊಂಡು ಹೋದ ಮೇಲೆ
ನನ್ನ ಸೀಟಿನ ಕೆಳಗಿಂದ ಶುರುವಾಗುತ್ತದೆ
ಟಿಕಿ ಟಿಕಿ ಟಿಕಿ.

ಓಮ್ನಿಯ ಇಂಜಿನ್ನು ಕೂತವರ ಕುಂಡಿಯ ಕೆಳಗೇ ಇರುತ್ತದೆ.
ಇಪ್ಪತ್ತಾರು ವರ್ಷದ ಗಾಡಿ.
ಅದರ ಬಿಸಿ ಗೊತ್ತು, ನಡುಕ ಗೊತ್ತು,
ಈ ಸದ್ದು ಹೊಸದು.
ಅಥವಾ ಹಳೆಯದೇ, ನಾನು ಕೇಳಿರಲಿಲ್ಲ.

ತಸ್ಮಿಯಾ ಕೊನೆಯವಳು, ಅವರಗೆರೆಯಲ್ಲಿ ಇಳಿಯಬೇಕು.
ಅವಳಿಗೆ ಅದು ತಾಳ.
ಮುಂದಿನ ಸೀಟಿಗೆ ಬಂದು ಕಾಲು ಅಲ್ಲಾಡಿಸುತ್ತ
ಹದಿಮೂರೊಂದ್ಲಿ ಹದಿಮೂರು
ಹದಿಮೂರೆರಡ್ಲಿ ಇಪ್ಪತ್ತಾರು
ಗೇರು ಬದಲಿಸಿದರೆ ಮಗ್ಗಿಯೂ ನಿಧಾನ
ಆಕ್ಸಿಲೇಟರು ತುಳಿದರೆ ಓಟ.
ಎಂಟರ ಹತ್ತಿರ ಯಾವಾಗಲೂ ಮುಗ್ಗರಿಸುತ್ತಾಳೆ,
ಅಷ್ಟೊತ್ತಿಗೆ ಅವರ ಮನೆ.

ಪೆಟ್ರೋಲ್ ಬಂಕಿನವನು ಕಿವಿಯಿಟ್ಟು
"ಪಿಸ್ಟನ್ ಹೋಗೈತಿ, ಬೋರು ಮಾಡ್ಸಬೇಕು" ಎಂದ.
ಆಟೋದ ಪರಸಪ್ಪ, "ದಪ್ಪ ಆಯಿಲು ಹಾಕು ಹಾಲಮ್ಮಕ್ಕ, ಅಡಗತೈತಿ."
ಗಾಡಿ ಮಾರಿದ ಮೈದುನ, ಫೋನಿನಲ್ಲಿ,
"ರೇಡಿಯೋ ಜೋರು ಇಟ್ಕೊ."

ಕಡ್ಡಿ ಎಳೆದು ಹಳೇ ಸೀರೆಯ ಚೂರಿಗೆ ಒರೆಸಿ ನೋಡಿದೆ,
ಆಯಿಲು ಗೆರೆಗಿಂತ ಅರ್ಧ ಬೆರಳು ಕೆಳಗೆ. ತಪ್ಪು ನನ್ನದೇ.
ಅರ್ಧ ಲೀಟರು ಸುರಿದೆ.
ಎರಡು ದಿನ ತೆಪ್ಪಗಿತ್ತು.

ಅರುಣಾ ಟಾಕೀಸಿನ ಹಿಂದೆ ತಿಪ್ಪೇಶಣ್ಣನ ಶೆಡ್ಡು.
ಕಿವುಡನ ಹತ್ತಿರ ಸದ್ದು ರಿಪೇರಿಗೆ ಹೋದಳು
ಅಂತ ಓಣಿಯಲ್ಲಿ ನಗುತ್ತಾರೆ, ನಗಲಿ.
ಕಾಟನ್ ಮಿಲ್ಲಿನಲ್ಲಿ ಹತ್ತೊಂಬತ್ತು ವರ್ಷ ಫಿಟ್ಟರು.
ಮಗ್ಗದ ಮನೆ ಅವನ ಕಿವಿಯಿಂದ
ಒಂದೊಂದೇ ಸದ್ದನ್ನು ಕಿತ್ತುಕೊಂಡಿತು:
ಮೊದಲು ಗುಬ್ಬಿ, ಆಮೇಲೆ ಸೈಕಲ್ ಬೆಲ್ಲು,
ಕೊನೆಗೆ ಮಿಲ್ಲಿನ ಸೈರನ್ನು.
ಅಷ್ಟೊತ್ತಿಗೆ ಮಿಲ್ಲೂ ಮುಚ್ಚಿತ್ತು.

ಸೀಟು ಎತ್ತಿದ. ಉದ್ದನೆ ಸ್ಕ್ರೂಡ್ರೈವರಿನ ತುದಿ
ಟ್ಯಾಪೆಟ್ ಕವರಿನ ಮೇಲೆ,
ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದ.
ಒಂದು ಕಡೆ ಇಟ್ಟ. ಸ್ವಲ್ಪ ಸರಿದು ಇನ್ನೊಂದು ಕಡೆ.
ಹುಣಸೆಹಣ್ಣು ಚೀಪುವವನ ಮುಖ.
"ಮೂರನೇದು," ಎಂದ. "ಹೊಗೆ ಕಡೀ ವಾಲ್ವು.
ಬಿಸೀಲಿ ಮುಟ್ಟಬಾರ್ದು. ರಾತ್ರಿ ಇಲ್ಲೇ ಬಿಡು,
ಬೆಳಿಗ್ಗೆ ಐದಕ್ಕೆ ಬಾ."

ಐದಕ್ಕೆ ಮಂಡಕ್ಕಿ ಭಟ್ಟಿಗಳ ಹೊಗೆ ರಸ್ತೆಗೆ ಇಳಿದಿತ್ತು.
ತಣ್ಣನೆಯ ಕಬ್ಬಿಣ. ಬ್ಯಾಟರಿ ನಾನು ಹಿಡಿದೆ.
ಫೀಲರ್ ಗೇಜಿನ ಎಸಳು ಬಿಡಿಸಿ
ಒಂದನ್ನು ಸಂದಿಗೆ ತೂರಿಸಿ, ನಟ್ಟು ಬಿಗಿದು, ಎಳೆದು ನೋಡಿ,
ನನ್ನ ಕೈಗೂ ಕೊಟ್ಟ.
"ಬೆಣ್ಯಾಗೆ ಚಾಕು ಹೋದಂಗೆ ಹೋಗಬಾರ್ದು.
ಹೊಸ ನೋಟು ಎಣಿಸುವಾಗ ಬೆರಳಿಗೆ ಹತ್ತತೈತಲ್ಲ, ಅಷ್ಟು."
ಹೊಸ ನೋಟು ಎಣಿಸಿ ಅಭ್ಯಾಸವಿಲ್ಲ,
ಆದರೂ ತಿಳಿಯಿತು.

"ಪೂರಾ ಬಿಗಿದುಬಿಡು, ಸದ್ದೇ ಬೇಡ" ಎಂದೆ
ಅವನ ಮುಖದ ಮುಂದೆ ನಿಂತು, ಬಾಯಿ ಅಗಲಿಸಿ.
ತಲೆ ಅಲ್ಲಾಡಿಸಿದ.
"ಕಾದ ಮ್ಯಾಲೆ ಕಬ್ಬಿಣ ಉದ್ದ ಆಗತೈತಿ ತಾಯಿ.
ಜಾಗ ಇಲ್ಲಾಂದ್ರೆ ವಾಲ್ವು ಬಾಯಿ ಮುಚ್ಚಂಗಿಲ್ಲ,
ಸುಟ್ಟು ಹೋಗತೈತಿ.
ಸದ್ದಿಲ್ದಂಗೆ ಸುಡತೈತಿ, ಗೊತ್ತೂ ಆಗಲ್ಲ.
ಇಷ್ಟು ಸಂದು ಇರ್ಲಿ."

ಇನ್ನೂರು ಕೊಟ್ಟೆ.
ಐವತ್ತು ವಾಪಸು ಕೊಟ್ಟ, ಬ್ಯಾಟರಿ ಹಿಡಿದ ಕೂಲಿ.

ಆ ಸಂಜೆ ಚಿರಾಗ ಇಳಿದ ಮೇಲೆ
ಟೈರಿನ ಸದ್ದು, ಕಿಟಕಿಯ ಗಾಜಿನ ಸದ್ದು.
ತಸ್ಮಿಯಾ ಮುಂದೆ ಬಂದು ಕೂತಳು.
ಹದಿಮೂರೊಂದ್ಲಿ
ಎಂದವಳು ನಿಂತಳು.
"ಆಂಟಿ, ಗಾಡಿ ಮಗ್ಗಿ ಹೇಳ್ತಿಲ್ಲ."
ಏನು ಹೇಳಲಿ. ರಿಪೇರಿ ಆಯ್ತಲ್ಲ ಎಂದೆ,
ತಪ್ಪು ಒಪ್ಪಿಕೊಂಡವಳ ಹಾಗೆ.

ರೈಲ್ವೆ ಗೇಟು ಹಾಕಿತ್ತು.
ಅವಳು ಸೀಟಿಗೆ ಅಂಗೈ ಒತ್ತಿದಳು,
ಸಾಲದೆ ಬಾಗಿ ಕೆನ್ನೆಯಿಟ್ಟಳು.
"ಐತಿ," ಅಂದಳು. "ಒಳಗೈತಿ. ಸಣ್ಣಗೆ."

ಗೂಡ್ಸು ದಾಟುವವರೆಗೆ ಇಬ್ಬರೂ ಬಾಯಿ ಬಿಡಲಿಲ್ಲ.
ಆಮೇಲೆ ಫಸ್ಟ್ ಗೇರು, ಹಳಿಯ ಮೇಲೆ ಒಂದು ಕುಲುಕು,
ಹದಿಮೂರೇಳ್ಲಿ ತೊಂಬತ್ತೊಂದು
ಹದಿಮೂರೆಂಟ್ಲಿ

ನನ್ನ ಮುಖ ನೋಡಿದಳು.
ನನಗೂ ಮರೆತಿತ್ತು.