ರದ್ದತಿಗೆ ಕಾರಣ

ಶಾರ್ಜಾದ ರೋಲಾದಲ್ಲಿ ಹಿಂದೊಂದು ಆಲದ ಮರವಿತ್ತಂತೆ.
ನಾನು ಬರುವ ಮೊದಲೇ ಬಿದ್ದುಹೋಯಿತು.
ಈಗ ಅಲ್ಲಿ ಆ ಮರಕ್ಕೊಂದು ಸ್ಮಾರಕ. ಶುಕ್ರವಾರ ಜನ
ಅದರ ಸುತ್ತ ಕೂತು ಊರಿಗೆ ಫೋನು ಮಾಡುತ್ತಾರೆ.
ಹಿಂದಿನ ಗಲ್ಲಿಯಲ್ಲಿ ನಮ್ಮ ಟೈಪಿಂಗ್ ಸೆಂಟರು:
ಮೂರು ಕಂಪ್ಯೂಟರು, ಒಂದು ನೀರಿನ ಕ್ಯಾನು, ನಾನು.

ಜೂನ್ ತಿಂಗಳು. ಪೂರ್ತಿ ತೋಳಿನ ಚೂಡಿದಾರ.
ಟೋಕನ್ ನಲವತ್ತೇಳು.
ಮಾತಿನ ರಾಗದಲ್ಲೇ ಕಾಪು ಕಡೆಯವಳೆಂದು ತಿಳಿಯಿತು.
ಅವಳಿಗೂ ನನ್ನದು ತಿಳಿದಿರಬೇಕು, ಕನ್ನಡಕ್ಕೆ ಇಳಿದಳು:
"ಅಣ್ಣ, ಹೆಂಡತಿಗೆ ತನ್ನದೇ ವೀಸಾ ಆಗ್ತದಾ, ಗಂಡನ ಸಹಿ ಇಲ್ಲದೆ?
ನನಗಲ್ಲ. ಒಬ್ಬಳು ಗೆಳತಿಗೆ."
ನೀರು ಕೇಳಿದಳು. ಕೊಟ್ಟೆ. ಕುಡಿಯಲಿಲ್ಲ;
ತಣ್ಣನೆಯ ಕಾಗದದ ಲೋಟವನ್ನು ದವಡೆಗೆ ಒತ್ತಿ ಹಿಡಿದಳು.
ಸೆಕೆಗೆ ಇರಬೇಕು ಅಂದುಕೊಂಡೆ.
ಎ.ಸಿ. ಹದಿನೆಂಟರಲ್ಲಿತ್ತು.

"ಸ್ಪಾನ್ಸರ್ ಸಹಿ ಬೇಕೇ ಬೇಕು" ಎಂದೆ,
ದಿನಕ್ಕೆ ಇಪ್ಪತ್ತು ಸಲ ಹೇಳುವ ದನಿಯಲ್ಲೇ.
"ಪಾಸ್‌ಪೋರ್ಟೂ ಬೇಕು."
ಅದು ಯಾರ ಬೀರುವಿನಲ್ಲಿದೆ, ಬೀಗದ ಕೈ ಯಾರ ಜೇಬಿನಲ್ಲಿದೆ
ಎಂದು ಕೇಳುವುದು ನನ್ನ ಕೆಲಸದಲ್ಲಿ ಇರಲಿಲ್ಲ.
ನಲವತ್ತೆಂಟು, ಎಂದು ಕೂಗಿದೆ.

ಸೆಪ್ಟೆಂಬರಿನಲ್ಲಿ ಅವನು ಬಂದ.
ಗುರುತಿನವನೇ. ರಾಜ್ಯೋತ್ಸವದಲ್ಲಿ ಮೈಕು ಹಿಡಿದು
ಹೆಣ್ಣೆಂದರೆ ದೇವಿ ಎಂದಿದ್ದ, ನಾವು ಚಪ್ಪಾಳೆ ತಟ್ಟಿದ್ದೆವು.
ಹೆಂಡತಿಯ ವೀಸಾ ರದ್ದು ಮಾಡಿಸಬೇಕು ಎಂದ.
ಪಾಸ್‌ಪೋರ್ಟು ತೆರೆದೆ. ಕಾಗದದ ಲೋಟ ಕಂಡಿತು.
"ಇನ್ನೂ ಹದಿನಾಲ್ಕು ತಿಂಗಳು ಉಳಿದಿದೆ," ಅವನೆಂದ,
"ಕಟ್ಟಿದ ದುಡ್ಡು ಏನಾದರೂ ವಾಪಸು ಬರ್ತದಾ?"

ಬಬಿತಾ ಕೋಟ್ಯಾನ್. ಮೂವತ್ತೊಂದು ವರ್ಷ. ಸಂಬಂಧ: ಹೆಂಡತಿ.
ಹೆಸರನ್ನು ಅರಬ್ಬಿಯಲ್ಲಿ ಹೊಡೆದೆ, ಬಲದಿಂದ ಎಡಕ್ಕೆ.
ಮೊದಲ ಮೂರು ಅಕ್ಷರ ಮೂಡಿದ್ದೇ ಬೆರಳು ನಿಂತಿತು:
ಬಾಬ್.
ಬಾಗಿಲು.

ರದ್ದತಿಗೆ ಕಾರಣ: ಮರಣ.
ಆ ಚೌಕದಲ್ಲಿ ಅಷ್ಟಕ್ಕೇ ಜಾಗ.

ಬಚ್ಚಲಲ್ಲಿ ಕಾಲು ಜಾರಿತಂತೆ, ಎಂದರು ನಮ್ಮವರು.
ಆಮೇಲೆ ದನಿ ತಗ್ಗಿಸಿ,
ಮೊದಲೇ ಕಾಲು ಜಾರಿದವಳಂತೆ, ಎಂದರು.
ನಮ್ಮ ಭಾಷೆಯಲ್ಲಿ ಆ ಮಾತಿಗೆ ಎರಡು ಅರ್ಥ.
ಎರಡರಲ್ಲೂ ಕಾಲು ಅವಳದೇ.
ಕೈ ಯಾರದೆಂದು ಒಬ್ಬರೂ ಕೇಳಲಿಲ್ಲ.
ನಾನೂ.

ಆ ನವೆಂಬರಿನಲ್ಲಿ ಮತ್ತೆ ಅವನೇ ಮೈಕು ಹಿಡಿದ.
ನಾನು ಚಪ್ಪಾಳೆ ತಟ್ಟಲಿಲ್ಲ. ಅಷ್ಟೇ ನನ್ನ ಪೌರುಷ.

ಈಗಲೂ ಬರುತ್ತಾರೆ. ಮಲಯಾಳದಲ್ಲಿ, ಉರ್ದುವಿನಲ್ಲಿ,
ಒಮ್ಮೊಮ್ಮೆ ನಮ್ಮದರಲ್ಲೂ. ನನಗಲ್ಲ, ಎನ್ನುತ್ತಾರೆ. ಗೆಳತಿಗೆ.
ನೀರು ಕೊಡುತ್ತೇನೆ.
ಲೋಟ ಎಲ್ಲಿಗೆ ಹೋಗುತ್ತದೆಂದು ನೋಡುತ್ತೇನೆ.
ಟೋಕನ್ ಚೀಟಿಯ ಬೆನ್ನಿಗೆ ಒಂದು ನಂಬರು ಬರೆದು,
"ನಿಮ್ಮ ಗೆಳತಿಗೆ ಕೊಡಿ. ರಾತ್ರಿಯೂ ಎತ್ತುತ್ತಾರೆ" ಎನ್ನುತ್ತೇನೆ.
ಸಾಲಿನಲ್ಲಿ ಗೊಣಗುತ್ತಾರೆ. ಗೊಣಗಲಿ.
ಮುಂದಿನ ನಂಬರನ್ನು
ಸ್ವಲ್ಪ ತಡೆದೇ ಕೂಗುತ್ತೇನೆ.