ಗ್ರಾಫಿನ ಪುಟ

ಏಳುನೂರ ನಲವತ್ತೆರಡು ಲೇಖನ.
ವರುಷಕ್ಕೊಂದು ಬೊಟ್ಟಿಟ್ಟು, ಬೊಟ್ಟು ಕೂಡಿಸಿ ಗೆರೆ ಎಳೆದೆ.
ರಂಗೋಲಿ ಅನ್ನಲೂ ಬರದು ಅದನ್ನು.

ತೊಂಬತ್ತೆರಡರಲ್ಲಿ ಆರೇ ಆರು.
ಡೆನ್ಮಾರ್ಕಿನ ಮಂದಿ ಬೇಡ ಅಂದ ವರುಷ;
ಬೇಡವನ್ನು ಅಳೆಯುವ ಕೋಲು ಇನ್ನೂ ಯಾರ ಕೈಗೂ ಬಂದಿರಲಿಲ್ಲ.
ಆಮೇಲೆ ಪಂಡಿತರು ಬಂದರು, ಎರಡಾಗಿ ಒಡೆದರು:
ಮೆದು ವಿರೋಧ, ಗಡಸು ವಿರೋಧ.
ಮೆಸ್ಸಿನ ಸಾವಂತ್ರವ್ವ ದಿನಾ ಕೇಳುತ್ತಾಳಲ್ಲ,
"ಖಡಕ್ ರೊಟ್ಟಿ ಬೇಕೋ, ಮೆತ್ತಂದೋ?"
ಹಿಟ್ಟು ಎರಡಕ್ಕೂ ಒಂದೇ ಡಬ್ಬಿಯದು.

ಹದಿನಾರರಲ್ಲಿ ಬ್ರಿಟನ್ ಹೊರಡುತ್ತೇನೆ ಅಂದಿತು.
ಗೆರೆ ಕೋಟೆಗೋಡೆಯಂತೆ ಎದ್ದು ನಿಂತಿತು.
ಈಚೆಗೆ ಇಳಿಜಾರು.
ಸಿಟ್ಟು ತಣಿಯಿತೋ ಅನುದಾನ ತೀರಿತೋ
ನನ್ನ ಅಂಕಿ ಬಾಯಿ ಬಿಡುವುದಿಲ್ಲ.
"ಪ್ರವೃತ್ತಿ ಅಷ್ಟ ಬರಿ," ಎಂದರು ಗೈಡ್ ಸರ್,
"ಊರ ಉಸಾಬರಿ ಮುನ್ನುಡಿಯೊಳಗೂ ಬ್ಯಾಡ."

ಬರೆಯಲಿಲ್ಲ.
ಹಾಸ್ಟೆಲ್ ಗೇಟಿನೆದುರು ಮೈಲುಗಲ್ಲು, ಬೆಳಗಾವಿ ೧೬.
ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಡಾಂಬರು ಬಳಿದು,
ಡಾಂಬರಿನ ಮೇಲೆ ಮತ್ತೊಬ್ಬರು ಸುಣ್ಣದಲ್ಲಿ ಬರೆದು
ಕಲ್ಲು ಬೆರಳಷ್ಟು ದಪ್ಪವಾಗಿದೆ.
ಯಾವ ಕಾಲಮ್ಮಿಗೆ ತುಂಬಲಿ ಅದನ್ನು?

ಅಕ್ಟೋಬರ್ ಮೂವತ್ತೊಂದು, ಖಡೇ ಬಜಾರು,
ಭರಮಾ ಕಾಕತ್ಕರನ ಬೈಂಡಿಂಗ್ ಅಂಗಡಿ.
ನಾಳೆ ಒಂದು ಬೀದಿಗೆ ಮೆರವಣಿಗೆ, ಇನ್ನೊಂದಕ್ಕೆ ಕಪ್ಪು ಪಟ್ಟಿ;
ಎರಡರ ಕರಪತ್ರವೂ ಅವನ ಮಷಿನ್ನಿನಲ್ಲೇ ಅಂಚು ಕತ್ತರಿಸಿಕೊಂಡು ಹೋಗಿವೆ.
ಶಟರ್ ಅರ್ಧ ಇಳಿಸಿ, ಗೋಂದು ಮೆತ್ತಿದ ಬೆರಳಲ್ಲಿ
ಪುಟಗಳನ್ನು ಮರಾಠಿಯಲ್ಲಿ ಎಣಿಸಿದ,
ಕನ್ನಡದಲ್ಲಿ ಕೇಳಿದ:
"ಬಾಯಾರ, ಬ್ಯಾಡ ಅಂದವರನ್ನ ಭಾಳ ಎಣಿಸೀರಿ.
ಕೂಡಸೂಮುಂದ ಅವರನ್ನ ಯಾರರ ಕೇಳಿದ್ದರೇನು?"

ಇನ್ನೂರ ಹನ್ನೊಂದನೇ ಪುಟದ ಅಡಿಟಿಪ್ಪಣಿಯಲ್ಲಿ ಈ ಪ್ರಶ್ನೆ ಇದೆ,
ಇರುವೆಯಂಥ ಅಕ್ಷರದಲ್ಲಿ,
ಜರ್ಮನಿಯ ಯಾರದೋ ಹೆಸರಲ್ಲಿ.
ನಾನು ಎರಡು ಚಹಾ ತರಿಸಿದೆ.

ಮೂರು ಪ್ರತಿ ಕಟ್ಟಿದ, ಬಂಗಾರದ ಅಕ್ಷರ ಒತ್ತಿದ.
ಆಟೋದಲ್ಲಿ ಬಿಚ್ಚಿ ನೋಡುತ್ತೇನೆ,
ಮೂರನೆಯದರಲ್ಲಿ ಗ್ರಾಫಿನ ಪುಟ ತಲೆಕೆಳಗು!
ಬ್ರಿಟನ್ನಿನ ಶಿಖರ ಬಾವಿಯಾಗಿದೆ,
ಡೆನ್ಮಾರ್ಕಿನ ಆರು ಜನ ಬಲಗಡೆ, ಆಕಾಶದ ಹತ್ತಿರ.

ಗೋಂದು ಇನ್ನೂ ಹಸಿ. ಕಿತ್ತು ತಿರುವಿ ಹಚ್ಚಬಹುದು.
ಮೂರನೆಯದು ಹೇಗೂ ನನ್ನ ಪ್ರತಿ.
ಗೋಗಟೆ ಸರ್ಕಲ್ಲಿನಲ್ಲಿ ಆಟೋ ನಿಧಾನವಾಯಿತು.
"ಹೊಳ್ಳಸ್ಲೇನ್ರಿ ಅಕ್ಕಾರ, ಮುಂದ ಹೋಗ್ಲೇನು?"